ತೊಂಬತ್ತಕ್ಕೆ ನಿಲ್ಲುವ ಮೋಟಾರು

ಅವರಿಗೆ ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. "ನಾನು ಬಿಟ್ಟಿದ್ ನೀರ್ನೇ ನಂಗೆ ಕೊಡ್ತೀರಲ್ಲ ಮೇಷ್ಟ್ರೇ, ಟೀ ಇದ್ರೆ ಕೊಡಿ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಆಮೇಲಾಮೇಲೆ ಅವರು ದೂರದಲ್ಲಿ ಬರುವುದು ಕಂಡರೆ ಸಾಕು, ನನ್ನ ಹೆಂಡತಿ ಒಲೆಯ ಮೇಲೆ ಟೀಗೆ ಇಟ್ಟುಬಿಡುತ್ತಿದ್ದಳು. ಹೋದ ತಿಂಗಳು ಅವರು ತೀರಿಕೊಂಡರೆಂದು ತಿಳಿದಾಗ ನನಗೆ ಮೊದಲು ನೆನಪಾದದ್ದು ಈ ಮಾತು. ದೊಡ್ಡವರು ಹೋದರೆ ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ. ಇವರ ಬಗ್ಗೆ ಬರೆಯುವವರು ಯಾರೂ ಇಲ್ಲವಲ್ಲ ಎಂದು ನಾನು ಕೂತೆ. ಕೂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕು.

ನಾನು ಆಗ ಹಿರೇನಲ್ಲೂರಿನಿಂದ ಒಳಗೆ, ದಿನಕ್ಕೆ ಮೂರು ಸಲ ಬಸ್ಸು ಬರುವ ಒಂದು ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರು ಆ ಊರಿನ ನೀರುಗಂಟಿ. ಪಂಚಾಯಿತಿಯ ಬೋರ್‌ವೆಲ್ ಮೋಟಾರು ಹಾಕುವುದು, ಎತ್ತರದ ಟ್ಯಾಂಕು ತುಂಬಿಸುವುದು, ಬೆಳಿಗ್ಗೆ ಮೇಲಿನ ಬೀದಿಗೆ, ಆಮೇಲೆ ಕೆಳಗಿನ ಬೀದಿಗೆ ವಾಲ್ ತಿರುಗಿಸಿ ನೀರು ಬಿಡುವುದು, ಇಷ್ಟು ಅವರ ಕೆಲಸ. ಊರಿಗೆಲ್ಲ ಅವರು ನೀರಣ್ಣ. ಪಂಚಾಯಿತಿ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಇಲ್ಲಿ ಬರೆದರೆ ಅವರ ಊರಿನವರಿಗೇ ಇದು ಯಾರಪ್ಪಾ ಎನ್ನಿಸೀತು, ಹಾಗಾಗಿ ಬರೆಯುವುದಿಲ್ಲ.

ಕುಳ್ಳ ಆಳು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯನ್ನು ಹೆಗಲ ಮೇಲಿಟ್ಟುಕೊಂಡು ನಡೆಯುತ್ತಿದ್ದರು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಯಾರಾದರೂ ಕೇಳಿದರೆ ಕೆಳಗಿಳಿಯುವ ದಪ್ಪ ಪೈಪಿಗೆ ಎಡಗಿವಿ ಆನಿಸಿ, ಕಣ್ಣು ಮುಚ್ಚಿ, "ಮುಕ್ಕಾಲು ಆಗೈತೆ, ಮುಕ್ಕಾಲಿಗೆ ಒಂದು ಮೊಳ ಜಾಸ್ತಿ" ಎನ್ನುತ್ತಿದ್ದರು. ನಾನು ಒಮ್ಮೆ ಏಣಿ ಹತ್ತಿ ಇಣುಕಿ ನೋಡಿ ಬಂದೆ. ಸರಿಯಾಗಿಯೇ ಇತ್ತು. ನಾನು ಪರೀಕ್ಷೆ ಮಾಡಿದೆನೆಂದು ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಯಾರೋ ತಮ್ಮ ಟ್ಯಾಂಕು ನೋಡಲು ಅಷ್ಟು ಮೆಟ್ಟಿಲು ಹತ್ತಿದರಲ್ಲ ಎಂದು ಖುಷಿಯೇ ಆಗಿತ್ತು.

ಟ್ಯಾಂಕು ಇದ್ದದ್ದು ಊರಾಚೆ, ತೆಂಗಿನ ತೋಟಗಳನ್ನು ದಾಟಿದ ಮೇಲೆ. ಅದರ ಕೆಳಗಿನ ಪಂಪ್‌ಹೌಸೇ ಅವರ ಮನೆ. ಒಂದು ಕಡೆ ಮೋಟಾರಿನ ಸ್ಟಾರ್ಟರು, ಇನ್ನೊಂದು ಕಡೆ ಮಂಚ, ಮಧ್ಯೆ ಸೀಮೆಎಣ್ಣೆ ಸ್ಟೌ. ಮದುವೆಯಾಗಿತ್ತಂತೆ. ಹೆಂಡತಿ ಎರಡನೇ ವರ್ಷಕ್ಕೇ ಹೋಗಿಬಿಟ್ಟಳು ಎಂದಷ್ಟೇ ಹೇಳಿದ್ದರು. ತೀರಿಕೊಂಡಳೋ, ಬಿಟ್ಟು ಹೋದಳೋ, ನಾನು ಕೇಳಲಿಲ್ಲ. ತರೀಕೆರೆಯಲ್ಲಿ ಒಬ್ಬ ತಂಗಿ ಇದ್ದಳು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬೆಳಿಗ್ಗೆ ಹೋಗಿ ಮಧ್ಯಾಹ್ನವೇ ವಾಪಸ್ಸು ಬರುತ್ತಿದ್ದರು. ಉಳಿಯಬಾರದೇ ಎಂದರೆ, "ನೀರು ಯಾರು ಬಿಡ್ತಾರೆ, ನೀವು ಬಿಡ್ತೀರಾ?" ಎಂದು ನನಗೇ ತಿರುಗಿಸಿ ಕೇಳುತ್ತಿದ್ದರು.

ಅವರ ಫೋನು ಮಾತ್ರ ಸುಮ್ಮನಿರುತ್ತಿರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಮೂರು ಸಲ ಬಡಿದುಕೊಳ್ಳುತ್ತಿತ್ತು. ಎಲ್ಲವೂ ಬೈಗುಳವೇ. ಅದರಲ್ಲಿ ಕೆಳಗಿನ ಬೀದಿಯ ಸಣ್ಣಮ್ಮನ ಗಂಟಲು ಫೋನು ಕಿವಿಯಲ್ಲಿದ್ದರೂ ನಮಗೆಲ್ಲ ಕೇಳಿಸುತ್ತಿತ್ತು. "ಏನಪ್ಪಾ ನೀರಣ್ಣ, ಮೇಲಿನ ಬೀದಿಯೋರು ಮಾತ್ರಾನಾ ಮನುಷ್ಯರು? ನಾವೇನು ಒಣಗಿ ಸಾಯಾನಾ?" ಇವರು ನಗುತ್ತ, "ಬತ್ತೀನಿ ಕಣಕ್ಕಾ, ಬಂದೇ, ಸೊಂಟದ ಬಿಂದಿಗೆ ಇಳ್ಸು" ಎಂದು ಟೀ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದರು.

ಆದರೆ ಆ ಫೋನುಗಳಲ್ಲಿ ಬರೀ ಬೈಗುಳ ಇರಲಿಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು. ನೆಂಟರು ಬಂದಿದ್ದಾರೆ, ಇನ್ನರ್ಧ ಗಂಟೆ ಬಿಡು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಹದಿನೈದು ದಿನ ನಮ್ಮ ಬೀದಿಗೆ ಮೊದಲು ಬಿಡು. ಊರಿನಲ್ಲಿ ಯಾರಾದರೂ ಹೋದರೆ ನೆಂಟರಿಷ್ಟರಿಗೆ ತಿಳಿಸುವ ಮೊದಲು ನೀರಣ್ಣನಿಗೆ ಫೋನು ಹೋಗುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸಬೇಕು, ಬಂದವರು ಕೈಕಾಲು ತೊಳೆಯಬೇಕು. ಅವತ್ತು ಇವರು ಸರದಿ ನೋಡುತ್ತಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಆ ಬೀದಿಯ ವಾಲ್ ತಿರುಗಿಸಿ, ಆ ಮನೆಯ ಮುಂದೆ ಕೀ ನೆಲಕ್ಕೂರಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಊರಿನ ಹುಟ್ಟು ಸಾವು ಎಲ್ಲ ಅವರಿಗೆ ಆ ಫೋನಿನಲ್ಲೇ ತಿಳಿಯುತ್ತಿತ್ತು. ನನಗೆ ಬಂಧುಗಳು ಇರುವ ಹಾಗೆ ಅವರಿಗೆ ಆ ಫೋನುಗಳಿದ್ದವು.

ಹೀಗಿರುವಾಗ ಪಂಚಾಯಿತಿಯಿಂದ ಆಟೊಮ್ಯಾಟಿಕ್ ಬಂತು. ಯಾವುದೋ ಕಂಪನಿಯವನು ಟ್ಯಾಂಕಿಗೊಂದು ಸೆನ್ಸರು, ಪಂಪ್‌ಹೌಸಿನ ಗೋಡೆಗೊಂದು ಸಿಮ್ ಹಾಕಿದ ಪೆಟ್ಟಿಗೆ, ಎರಡು ಬೀದಿಯ ವಾಲಿಗೂ ಗಂಟೆ ನೋಡಿ ತಾನೇ ತಿರುಗುವ ಯಂತ್ರ, ಎಲ್ಲ ಕೂರಿಸಿದ. ಒಂದು ದಿನ ನಿಂತು ನೋಡಿದ. ಮೋಟಾರು ತಾನಾಗಿ ಶುರುವಾಯಿತು, ತಾನಾಗಿ ನಿಂತಿತು. ಒಂದು ಚೀಟಿಯಲ್ಲಿ ವೆಬ್‌ಸೈಟಿನ ವಿಳಾಸ, ಪಾಸ್‌ವರ್ಡ್ ಬರೆದುಕೊಟ್ಟು ಹೊರಟುಹೋದ. ವಾರ ಕಳೆಯುವುದರೊಳಗೆ ಟ್ಯಾಂಕು ತುಂಬಿ ಚೆಲ್ಲಿ ಪಕ್ಕದ ತೋಟಕ್ಕೆ ಹರಿಯಿತು. ಕಂಪನಿಯವನು ಫೋನು ಎತ್ತಲಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇದೆ, ಮೇಷ್ಟ್ರು ನೋಡ್ತಾರೆ ಎಂದು ಪಂಚಾಯಿತಿಯವರು ಆ ಚೀಟಿ ಕೊಟ್ಟು ನೀರಣ್ಣನನ್ನು ನನ್ನ ಹತ್ತಿರ ಕಳಿಸಿದರು.

ಪರದೆಯ ಮೇಲೆ ಸಾಲುಸಾಲು ಬರಹ ಇರುತ್ತದೆಂದು ನಾನು ಅಂದುಕೊಂಡಿದ್ದೆ. ಇದ್ದದ್ದು ಚಿತ್ರ. ಸಣ್ಣ ಸಣ್ಣ ಡಬ್ಬಿಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ಗೆರೆಗಳು. ಕಂಪನಿಯವರು ಡಬ್ಬಿಗೆ ನೋಡ್ ಎನ್ನುತ್ತಾರೆ, ನೀರಣ್ಣ ಡಬ್ಬಿ ಎಂದೇ ಕರೆದರು, ನಾನೂ ಅದನ್ನೇ ಹಿಡಿದೆ. ಮೊದಲ ಡಬ್ಬಿ ಟ್ಯಾಂಕಿನ ಮಟ್ಟ ಹೇಳುತ್ತದೆ. ನೂರಕ್ಕೆ ಇಷ್ಟು ಎಂದು, ದಶಾಂಶವಿಲ್ಲದ ಪೂರ್ಣಸಂಖ್ಯೆಯಲ್ಲಿ, ಕೆಲವು ನಿಮಿಷಕ್ಕೊಮ್ಮೆ. ಅದರಿಂದ ಗೆರೆ ಇನ್ನೊಂದು ಡಬ್ಬಿಗೆ ಹೋಗುತ್ತದೆ. ಈ ಡಬ್ಬಿಯ ಕೆಲಸ ಎರಡು ಸಂಖ್ಯೆಗಳನ್ನು ಹೋಲಿಸುವುದು. ಎಡಕ್ಕೆ ಎರಡು ಬಾಯಿ, ಒಂದಕ್ಕೆ ಟ್ಯಾಂಕಿನ ಮಟ್ಟ, ಇನ್ನೊಂದಕ್ಕೆ ನಾವು ಕೊಟ್ಟ ಸಂಖ್ಯೆ. ಹೋಲಿಕೆ ಹೌದಾದರೆ ಬಲಗಡೆಯಿಂದ ಗೆರೆ ಹೊರಟು ಮೋಟಾರಿಗೆ ಹೋಗುತ್ತದೆ. ಇಂಥ ಡಬ್ಬಿ ಎರಡು. ಮೂವತ್ತಕ್ಕಿಂತ ಕಡಿಮೆಯಾದರೆ ಶುರು. ತೊಂಬತ್ತಕ್ಕೆ ನಿಲ್ಲು.

ಅವರು ಏಳನೇ ಕ್ಲಾಸು. ಹೆಚ್ಚು, ಕಡಿಮೆ ಚಿಹ್ನೆಗಳನ್ನು ನಾನು ನೆನಪಿಸಹೊರಟರೆ, "ಗೊತ್ತು ಬಿಡಿ, ಎತ್ತಿನ ಬಾಯಿ ದೊಡ್ಡ ಮೆದೆ ಕಡೀಕೆ" ಎಂದರು. ನಾಲ್ಕು ಸಂಜೆ ಕೂತು ನಾವಿಬ್ಬರೂ ಅದರಲ್ಲಿ ಆಟ ಆಡಿದೆವು. ಐದು ಹಾಕಿ ಮೂರು ಹಾಕಿ, ಐದು ಹಾಕಿ ಐದೇ ಹಾಕಿ. ಒಂದು ಸಂಜೆ ಒಂದು ಬಾಯಿಯ ಗೆರೆ ಕಿತ್ತು, "ಈಗೇನಂತದೆ?" ಎಂದು ಕೇಳಿದರು.

"ಏನೂ ಕೊಡದಿದ್ದರೆ ಸೊನ್ನೆ ಅಂದುಕೊಳ್ಳುತ್ತೆ."

"ಅದೆಂಗೆ ಮೇಷ್ಟ್ರೇ? ಟ್ಯಾಂಕು ಖಾಲಿ ಆದ್ರೆ ಸೊನ್ನೆ. ವೈರೇ ಕಿತ್ತೋದ್ರೆ ಅದು ಸೊನ್ನೆ ಅಲ್ಲ. ಅದು ಯಾರೂ ಏನೂ ಹೇಳ್ತಿಲ್ಲ ಅಂತ."

ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವನು, ಗಂಟಲು ಸರಿ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಹಾಗೆಲ್ಲ ಇರುವುದಿಲ್ಲ ಎಂದು ಬುದ್ಧಿವಂತನ ಹಾಗೆ ಹೇಳಿದೆ.

ದೋಷ ಕಂಡುಹಿಡಿದವರೂ ಅವರೇ. ನಾನು ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆ, ಗೆರೆಗಳನ್ನು ಕಿತ್ತು ಮತ್ತೆ ಜೋಡಿಸಿದೆ, ಕಂಪನಿಯವನನ್ನು ಬೈದೆ. ಅವರು ಸುಮ್ಮನೆ ಕೂತಿದ್ದವರು, "ಚೆಲ್ಲೋದು ಕರೆಂಟು ಚೆನ್ನಾಗಿರೋ ದಿನ ಮಾತ್ರ ಕಣ್ರೀ" ಎಂದರು. ವೋಲ್ಟೇಜು ಕಡಿಮೆ ಇದ್ದ ದಿನ ಮೋಟಾರು ಮುಕ್ಕಿರಿದು ನಿಧಾನಕ್ಕೆ ನೀರು ಎತ್ತುತ್ತದೆ. ಮಟ್ಟ ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಕರೆಂಟು ಜೋರಾಗಿದ್ದ ದಿನ ಎಂಬತ್ತೊಂಬತ್ತರಿಂದ ನೇರ ತೊಂಬತ್ತೊಂದಕ್ಕೆ ಹಾರುತ್ತದೆ. ಕಂಪನಿಯವನು ನಿಲ್ಲಿಸುವ ಡಬ್ಬಿಯಲ್ಲಿ ಸಮ ಎಂಬ ಚಿಹ್ನೆ ಇಟ್ಟಿದ್ದ. ತೊಂಬತ್ತಕ್ಕೆ ಸಮವಾದರೆ ಮಾತ್ರ ನಿಲ್ಲು.

"ತೊಂಬತ್ತು ಬರ್ಲೇ ಇಲ್ಲ ಅಂದ್ರೆ ಪಾಪ ಅದು ಕಾಯ್ತಾನೇ ಇರ್ತದೆ" ಎಂದರು ನೀರಣ್ಣ.

ಕಂಪನಿಯವನು ಪರೀಕ್ಷೆ ಮಾಡಿದ ದಿನ ನಮ್ಮ ಊರಿನಲ್ಲಿ ಕರೆಂಟು ಎಂದಿನಂತೆ ಸೊರಗಿತ್ತು. ಹಾಗಾಗಿ ಅವನ ಲೆಕ್ಕ ಸರಿಬಂದಿತ್ತು. ನಾನು ಸಮ ಚಿಹ್ನೆ ತೆಗೆದು 'ಹೆಚ್ಚು ಅಥವಾ ಸಮ' ಎಂಬುದನ್ನು ಆರಿಸಿದೆ. ಒಂದು ಸಲ ಬೆರಳು ಒತ್ತುವ ಕೆಲಸ. ಆಮೇಲೆ ಒಂದು ಹನಿ ಚೆಲ್ಲಲಿಲ್ಲ. ಆ ಪುಟವನ್ನು ಅವರ ಫೋನಿಗೂ ಹಾಕಿಕೊಟ್ಟೆ. ಪಂಚಾಯಿತಿಯವರು ನನಗೊಂದು ಶಾಲು ಹೊದಿಸಿದರು. ದೋಷ ಕಂಡುಹಿಡಿದವರು ಹಿಂದೆ ಬಾಗಿಲ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ಶಾಲು ಹೊದ್ದುಕೊಂಡೆ, ಅವರ ಹೆಸರು ಹೇಳಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವರ ಕೆಲಸವೇನೂ ಹೋಗಲಿಲ್ಲ. ಟ್ಯಾಂಕು ತೊಳೆಯಲು, ಬ್ಲೀಚಿಂಗ್ ಪೌಡರ್ ಹಾಕಲು ಒಬ್ಬರು ಬೇಕಿತ್ತು. ಸಂಬಳ ಅಷ್ಟೇ, ಕೆಲಸ ಕಡಿಮೆ. ಎಲ್ಲರೂ ಅವರನ್ನು ಅದೃಷ್ಟವಂತ ಎಂದರು, ನಾನೂ ಎಂದೆ. ಆ ವರ್ಷ ಗೌರಿ ಹಬ್ಬಕ್ಕೆ ನಾಲ್ಕು ದಿನ ಇದ್ದು ಬರುತ್ತೇನೆಂದು ಬಟ್ಟೆ ಚೀಲ ಹಿಡಿದು ತರೀಕೆರೆಗೆ ಹೊರಟರು. ಮೂರನೇ ದಿನ ಮಧ್ಯಾಹ್ನ ನೋಡುತ್ತೇನೆ, ಬಸ್ಸಿನಿಂದ ಇಳಿಯುತ್ತಿದ್ದಾರೆ.

"ಯಾಕೆ ನೀರಣ್ಣ, ತಂಗಿ ಮನೇಲಿ ಏನಾದರೂ ಮಾತು ಬಂತೇ?"

"ಅಯ್ಯೋ, ಅವ್ಳು ಅತ್ಲು, ಇರಣ್ಣ ಅಂತ. ಒಂದು ಫೋನೂ ಬರ್ಲಿಲ್ಲ ಮೇಷ್ಟ್ರೇ. ಎಲ್ಡು ದಿನಾಯ್ತು. ಫೋನ್ ಕೆಟ್ಟೈತೇನೋ ಅಂತ ತಂಗಿ ಫೋನಿಂದ ನಾನೇ ಮಾಡಿ ನೋಡ್ದೆ. ಚೆನ್ನಾಗೇ ಬಡೀತು." ಚೀಲವನ್ನು ಕೈ ಬದಲಾಯಿಸಿದರು. "ಯಾಕೋ ಇರಾಕಾಗ್ಲಿಲ್ಲ."

ನಾನು ಏನೋ ತಮಾಷೆ ಮಾಡಿದೆ. ರಜೆ ಕೊಟ್ಟರೂ ಬೇಡ ಅನ್ನುವ ನೌಕರ ನೀವೊಬ್ಬರೇ ಎಂದೇನೋ. ಅವರೂ ನಕ್ಕರು.

ಕೆಲವು ತಿಂಗಳು ಕಳೆದ ಮೇಲೆ ಟ್ಯಾಂಕು ಮತ್ತೆ ಚೆಲ್ಲತೊಡಗಿತು. ತಿಂಗಳಿಗೊಮ್ಮೆ, ಎರಡು ಸಲ. ಶಾಲು ಹೊದಿಸಿಕೊಂಡ ಮೇಲೆ ಮರ್ಯಾದೆಯ ಪ್ರಶ್ನೆಯಲ್ಲವೇ, ನಾನು ಪುಟ ತೆರೆದು ನೋಡಿದೆ. ಆ ಡಬ್ಬಿಯಲ್ಲಿ ಮತ್ತೆ ಸಮ ಚಿಹ್ನೆ ಇತ್ತು. ಆ ಪುಟ ತೆರೆಯುತ್ತಿದ್ದದ್ದು ನಾನು ಮತ್ತು ಅವರು ಮಾತ್ರ. ಭಾನುವಾರ ಮಧ್ಯಾಹ್ನ ಸೀದಾ ಪಂಪ್‌ಹೌಸಿಗೆ ಹೋದೆ. ಅವರು ಮಂಚದ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ಇದನ್ನು ಬದಲಾಯಿಸಿದ್ದು ಯಾರು?"

"ನಾನೇ" ಎಂದರು. ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ.

"ಯಾಕ್ರೀ?"

ಬಿಡಿಸಿದ ಕಾಳನ್ನು ನನ್ನ ಕಡೆ ಸರಿಸಿದರು. "ದಿನಾ ಏನ್ ಹಾರಲ್ಲ ಮೇಷ್ಟ್ರೇ. ಕರೆಂಟು ಜೋರಿದ್ದ ದಿನ ಅಷ್ಟೇಯ. ಚೆಲ್ಲೋ ಸದ್ದು ನಂಗೂ ಕೇಳ್ತದೆ, ಇಲ್ಲೇ ಇರ್ತೀನಲ್ಲ. ಆದ್ರೂ ಯಾರಾದ್ರೂ ಫೋನ್ ಮಾಡೋಗಂಟ ಕಾಯ್ತೀನಿ. ಮಾಡ್ತಾರೆ. ಲೇ ನೀರಣ್ಣ, ಎಲ್ಲೋ ಹಾಳಾಗ್ ಹೋಗಿದ್ದೀಯ, ನೀರೆಲ್ಲ ಪೋಲಾಗ್ತೈತೆ ಅಂತಾರೆ. ಹಂಗೇ ಮಾತಿಗೆ ಮಾತು, ಮಗಳಿಗೆ ಗಂಡು ಗೊತ್ತಾಯ್ತು, ಎಮ್ಮೆ ಕರು ಹಾಕ್ತು, ಎಲ್ಲಾ ಹೇಳ್ತಾರೆ. ಆಮೇಲೆ ಎದ್ದು ಆಫ್ ಮಾಡ್ತೀನಿ."

ಆಗ ನಾನು ಏನು ಮಾಡಬೇಕಿತ್ತೋ ಈಗ ಗೊತ್ತಿದೆ. ಅಲ್ಲಿಯೇ ಕೂತು ಕಡಲೆಕಾಯಿ ತಿನ್ನಬೇಕಿತ್ತು. ನಾನು ಪಾಠ ಮಾಡಿದೆ. ನೆಲದಾಳದಿಂದ ಎತ್ತಿದ ನೀರು, ಪಕ್ಕದ ಊರಿನವರು ಟ್ಯಾಂಕರಿಗೆ ಕಾಯುತ್ತಾರೆ, ಸಾರ್ವಜನಿಕರ ವಿಶ್ವಾಸ, ಜವಾಬ್ದಾರಿ. ನಾನು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು, ಅದೇ ಕಷ್ಟ. ಅವರ ಎದುರಿಗೇ ನನ್ನ ಫೋನಿನಲ್ಲಿ ಪುಟ ತೆರೆದು ಚಿಹ್ನೆ ಸರಿಮಾಡಿದೆ. ಅಷ್ಟು ಸಾಲದೆ ತಿದ್ದಲು ಬೇಕಾದ ಪಾಸ್‌ವರ್ಡನ್ನೂ ಬದಲಾಯಿಸಿದೆ. ಇನ್ನು ಮುಂದೆ ಅವರು ತಮ್ಮ ಫೋನಿನಲ್ಲಿ ಟ್ಯಾಂಕಿನ ಮಟ್ಟವನ್ನು ನೋಡಬಹುದಿತ್ತು, ಏನನ್ನೂ ತಿದ್ದುವಂತಿರಲಿಲ್ಲ.

"ಆಯ್ತು ಬಿಡಿ. ನೀವು ಹೇಳಿದ್ದೇ ಸರಿ" ಎಂದರು. ಬಾಗಿಲವರೆಗೆ ಬಂದು, "ಟೀ ಕಾಯ್ಸಾನ ಅಂತಿದ್ದೆ" ಎಂದರು. ನಾನು ಕೆಲಸವಿದೆ ಎಂದು ಬಂದುಬಿಟ್ಟೆ.

ಮುಂದಿನ ವರ್ಷ ನನಗೆ ಅಜ್ಜಂಪುರಕ್ಕೆ ವರ್ಗವಾಯಿತು. ಸಾಮಾನು ತುಂಬಿದ ದಿನ ಅವರೇ ಬಂದು ಬೀರು ಎತ್ತಿಕೊಟ್ಟರು. ಆಮೇಲೆ ವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು. "ಮೇಷ್ಟ್ರೇ, ಇವತ್ತು ಎಂಬತ್ತೊಂಬತ್ತರಿಂದ ತೊಂಬತ್ತೆರಡಕ್ಕೆ ಹಾರ್ತು. ಆದ್ರೂ ನಿಂತ್ಕಂತು, ಭೇಷಾಯ್ತು." ನಾನು ಸ್ಟಾಫ್‌ರೂಮಿನಲ್ಲೋ ಮದುವೆ ಮನೆಯಲ್ಲೋ ಇರುತ್ತಿದ್ದೆ. ಒಳ್ಳೇದಾಯ್ತು ನೀರಣ್ಣ, ಆಮೇಲೆ ಮಾಡ್ತೀನಿ ಎನ್ನುತ್ತಿದ್ದೆ. ಒಂದು ಸಲವೂ ಮಾಡಲಿಲ್ಲ. ಅಜ್ಜಂಪುರದಿಂದ ಆ ಊರಿಗೆ ಏನು ಮಹಾ ದೂರ, ಕಡೂರಿಗೆ ಬಂದು ಬಸ್ಸು ಬದಲಾಯಿಸಿದರೆ ಮುಗಿಯಿತು. ಹೋಗಲಿಲ್ಲ. ಆ ಫೋನು ತಿಂಗಳಿಗೊಂದಾಯಿತು, ಆಮೇಲೆ ನಿಂತೇ ಹೋಯಿತು. ನಿಂತದ್ದು ಯಾವಾಗ ಎಂದು ಕೇಳಿದರೆ ನನಗೆ ಹೇಳಲು ಬಾರದು, ನಾನು ಗಮನಿಸಲಿಲ್ಲ.

ಸುದ್ದಿ ಕೇಳಿ ಹೋದಾಗ ಎಲ್ಲ ಮುಗಿದು ವಾರವಾಗಿತ್ತು. ತರೀಕೆರೆಯ ತಂಗಿ ಬಂದು ಮಂಚ, ಸ್ಟೌ ಒಯ್ದಿದ್ದಳು. ಪಂಪ್‌ಹೌಸಿನ ಬಾಗಿಲು ತೆರೆದೇ ಇತ್ತು. ನಾನು ಅಲ್ಲಿ ನಿಂತಿದ್ದನ್ನು ಕಂಡು ತೋಟದಿಂದ ತೆಂಗಿನ ಗರಿ ಎಳೆದುಕೊಂಡು ಬರುತ್ತಿದ್ದ ಸಣ್ಣಮ್ಮ ನಿಂತಳು. ಫೋನಿನಾಚೆಗೂ ಕೇಳಿಸುತ್ತಿದ್ದ ಆ ಗಂಟಲು ಈಗ ತಗ್ಗಿತ್ತು.

"ಎದೆ ಹಿಡ್ಕಂಡಿತ್ತಂತೆ ಮೇಷ್ಟ್ರೇ. ಮಂಚದ ಮೇಲೇ ಹೋಗ್ಬಿಟ್ಟಿತ್ತು, ಪಾಪ."

"ಯಾವಾಗ?"

"ಅದೇ ಯಾರಿಗೂ ಸರ್ಯಾಗಿ ಗೊತ್ತಿಲ್ಲ. ಮೂರ್ನೇ ದಿನ ಪಂಚಾಯಿತಿಯೋರು ಯಾವುದೋ ಕಾಗ್ದಕ್ಕೆ ಸೈನ್ ಹಾಕ್ಸಾಕೆ ಬಂದು ನೋಡಿದ್ದು." ಗರಿಯನ್ನು ಕೆಳಗೆ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಯಾರ ಮೇಲೆ ಕೋಪ ಬಂತೋ ಗೊತ್ತಿಲ್ಲ, ಅವಳ ಮೇಲೆ ರೇಗಿದೆ. "ಎರಡು ದಿನ! ಇಷ್ಟು ದೊಡ್ಡ ಊರಲ್ಲಿ ಒಬ್ಬರಾದರೂ ಅವರಿಗೆ ಒಂದು ಫೋನು ಮಾಡಲಿಲ್ವೇನಮ್ಮ?"

ಸಣ್ಣಮ್ಮ ನನ್ನ ಮುಖವನ್ನು ನೋಡಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

"ಎಲ್ಡು ದಿನಾನೂ ಟೈಮಿಗೆ ಸರ್ಯಾಗಿ ನೀರು ಬಂತಲ್ಲ ಮೇಷ್ಟ್ರೇ. ಯಾಕಂತ ಮಾಡಾನ?"